ಮೋಟಾರು ಕಾರಿನ ಚಾರ್ಜ್ ಮಾಪಕ: ತಂತಿ ಎಲ್ಲಿ ಸೇರಬೇಕು?

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಿಮಗೆ ಮೊದಮೊದಲು ಹೇಳಿಕೊಡುವ ಎಚ್ಚರಿಕೆಗಳಲ್ಲಿ ಒಂದು ಹೀಗಿದೆ: ಅಮ್ಮೀಟರನ್ನು ಸರಣಿಯಲ್ಲಿ ಜೋಡಿಸಬೇಕು, ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸಬೇಕು. ಇದನ್ನು ನಾವೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಪ್ರಯೋಗಾಲಯದಲ್ಲಿ ಈ ನಿಯಮ ತಪ್ಪಿದರೆ ಹೆಚ್ಚೆಂದರೆ ಒಂದು ಮೀಟರ್ ಕೆಡುತ್ತದೆ, ಅಧ್ಯಾಪಕರಿಂದ ಎರಡು ಮಾತು ಕೇಳಬೇಕಾಗುತ್ತದೆ. ಆದರೆ ಇದೇ ನಿಯಮ ಮೋಟಾರು ಕಾರಿನಲ್ಲಿ ತಪ್ಪಿದರೆ ತಂತಿ ಕೆಂಪಗೆ ಕಾದು ಇಡೀ ಕಾರಿಗೇ ಬೆಂಕಿ ಹತ್ತಬಹುದು. ಹಾಗಾಗಿ ಪುಸ್ತಕದ ಈ ಸಣ್ಣ ವಾಕ್ಯದ ಹಿಂದೆ ಏನಿದೆ ಎಂಬುದನ್ನು ಕಾರಿನ ಚಾರ್ಜ್ ಮಾಪಕವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಂದು ನೋಡೋಣ.

ಹಳೆಯ ಜೀಪುಗಳಲ್ಲಿ ಚಾಲಕನ ಮುಂದಿನ ಫಲಕದಲ್ಲಿ ಒಂದು ಚಿಕ್ಕ ಗುಂಡು ಮಾಪಕವನ್ನು ನೀವು ಕಂಡಿರಬಹುದು. ನಡುವೆ ಸೊನ್ನೆ, ಎಡಕ್ಕೆ ಋಣ ಚಿಹ್ನೆ, ಬಲಕ್ಕೆ ಧನ ಚಿಹ್ನೆ. ಕೆಲವದರಲ್ಲಿ ಎರಡೂ ಕಡೆ 30 ಎಂದು, ಕೆಲವದರಲ್ಲಿ 60 ಎಂದು ಬರೆದಿರುತ್ತದೆ. ಇದೇ ಅಮ್ಮೀಟರ್. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಫಲಕದಲ್ಲಿಯೂ ಇದು ಇತ್ತು. ಇಂದಿನ ಕಾರುಗಳಲ್ಲಿ ಇದರ ಬದಲು ಬ್ಯಾಟರಿಯ ಚಿತ್ರವಿರುವ ಒಂದು ಕೆಂಪು ದೀಪ ಮಾತ್ರ ಉಳಿದಿದೆ. ಆದರೂ ಮಲೆನಾಡಿನ, ಕೊಡಗಿನ ತೋಟಗಳಲ್ಲಿ ದುಡಿಯುವ ಹಳೆಯ ಜೀಪುಗಳಿಗೆ ಮತ್ತು 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರುಗಳಿಗೆ ಇಂತಹ ಮಾಪಕವನ್ನು ಹೊಸದಾಗಿ ಕೂರಿಸಿಕೊಳ್ಳುವವರು ಇದ್ದಾರೆ.

ಕಾರಿಗೆ ವಿದ್ಯುತ್ತು ಏಕೆ ಬಂತು?

ಮೊದಲ ಕಾಲದ ಕಾರುಗಳಿಗೆ ಬ್ಯಾಟರಿಯ ಹಂಗು ಹೆಚ್ಚು ಇರಲಿಲ್ಲ. ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ ಇಂಜಿನನ್ನು ಎಬ್ಬಿಸುತ್ತಿದ್ದರು. ಇಂಜಿನ್ ಎದುರು ತಿರುಗಿ ಒದ್ದರೆ ಕೈಮೂಳೆ ಮುರಿಯುತ್ತಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ನಮ್ಮ ಗ್ಯಾರೇಜುಗಳಲ್ಲಿ 'ಸೆಲ್ಫ್' ಎಂದು ಕರೆಯುವುದು ಇದರ ಸಂತತಿಯನ್ನೇ. ಸ್ಟಾರ್ಟರ್ ಬಂದ ಮೇಲೆ ದೊಡ್ಡ ಬ್ಯಾಟರಿ ಬೇಕಾಯಿತು. ಬ್ಯಾಟರಿ ಬಂದ ಮೇಲೆ ಅದನ್ನು ಮತ್ತೆ ಮತ್ತೆ ತುಂಬಲು ಇಂಜಿನ್ನಿನಿಂದಲೇ ತಿರುಗುವ ಡೈನಮೋ ಬೇಕಾಯಿತು. ತುಂಬುತ್ತಿದೆಯೋ ಇಲ್ಲವೋ ಎಂದು ಚಾಲಕನಿಗೆ ತಿಳಿಸಲು ಮಾಪಕವೂ ಬೇಕಾಯಿತು.

ಡೈನಮೋಗೆ ಒಂದು ಕೊರತೆ ಇತ್ತು. ಇಂಜಿನ್ ನಿಧಾನವಾಗಿ ತಿರುಗುವಾಗ ಅದು ಸಾಕಷ್ಟು ಪ್ರವಾಹ ಕೊಡುತ್ತಿರಲಿಲ್ಲ. ಪೇಟೆಯ ಸಂದಣಿಯಲ್ಲಿ ದೀಪ ಹಚ್ಚಿಕೊಂಡು ನಿಂತರೆ ಮುಳ್ಳು ಋಣದ ಕಡೆಗೆ ವಾಲುತ್ತಿತ್ತು. ಸಿಲಿಕಾನ್ ಡಯೋಡುಗಳು ಬಂದ ನಂತರ ಈ ತೊಂದರೆ ನೀಗಿತು. ಆಲ್ಟರ್ನೇಟರ್ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಅದರೊಳಗಿನ ಡಯೋಡುಗಳು ಅದನ್ನು ಏಕಮುಖ ಪ್ರವಾಹವಾಗಿ ಪರಿವರ್ತಿಸುತ್ತವೆ. ಬ್ಯಾಟರಿಯ ಪ್ರವಾಹ ಹಿಂದಕ್ಕೆ ಹರಿಯದಂತೆ ತಡೆಯುವವೂ ಅವೇ. ಅಮೆರಿಕದ ಕ್ರೈಸ್ಲರ್ ಕಂಪನಿಯ 1960ರ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಬಂತು. ಮುಂದೆ ಅದು ಎಲ್ಲ ಕಡೆಗೂ ಹರಡಿತು. ಇಂಜಿನ್ ನಿಧಾನವಾಗಿ ತಿರುಗುವಾಗಲೂ ಆಲ್ಟರ್ನೇಟರ್ ತಕ್ಕಮಟ್ಟಿಗೆ ಪ್ರವಾಹ ಕೊಡಬಲ್ಲದು.

ಅಣೆಕಟ್ಟಿನ ಲೆಕ್ಕ

ಮಳೆಗಾಲದಲ್ಲಿ ನಮ್ಮ ದಿನಪತ್ರಿಕೆಗಳಲ್ಲಿ ಜಲಾಶಯಗಳ ಒಂದು ಪಟ್ಟಿ ಬರುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಅದರ ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಎಂದು ಬರೆದಿರುತ್ತದೆ. ಕಾರಿನ ವಿದ್ಯುತ್ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಲು ಈ ಪಟ್ಟಿ ಬಹಳ ಅನುಕೂಲ. ಬ್ಯಾಟರಿಯೇ ಜಲಾಶಯ. ಆಲ್ಟರ್ನೇಟರಿನಿಂದ ಬರುವ ಪ್ರವಾಹ ಒಳಹರಿವು. ಹೆಡ್‌ಲೈಟ್, ಇಗ್ನಿಷನ್, ವೈಪರ್ ಮುಂತಾದವು ಸೆಳೆಯುವ ಪ್ರವಾಹ ಹೊರಹರಿವು. ಈ ಹರಿವನ್ನು ನಾವು ಆಂಪೇರುಗಳಲ್ಲಿ ಅಳೆಯುತ್ತೇವೆ. ನೀರಿನ ಮಟ್ಟಕ್ಕೆ ಹೋಲಿಸಬಹುದಾದುದು ವೋಲ್ಟೇಜು.

ಒಂದು ಲೆಕ್ಕ ಮಾಡೋಣ. ಮಳೆ ಸುರಿಯುವ ರಾತ್ರಿ ಕಾರು ಓಡುತ್ತಿದೆ. 60 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ ಒಟ್ಟು 120 ವ್ಯಾಟ್ ಬೇಕು. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 10 ಆಂಪೇರ್. ಇಗ್ನಿಷನ್‌ಗೆ 4, ವೈಪರಿಗೆ 4, ಹಿಂದಿನ ದೀಪ ಮತ್ತು ಫಲಕದ ದೀಪಗಳಿಗೆ 2 ಎಂದು ಇಟ್ಟುಕೊಳ್ಳೋಣ. ಒಟ್ಟು ಹೊರಹರಿವು 20 ಆಂಪೇರ್. ಆಲ್ಟರ್ನೇಟರ್ 28 ಆಂಪೇರ್ ಕೊಡುತ್ತಿದ್ದರೆ ಉಳಿದ 8 ಆಂಪೇರ್ ಬ್ಯಾಟರಿಯನ್ನು ತುಂಬುತ್ತದೆ. ಬೆಲ್ಟ್ ಸಡಿಲವಾಗಿ ಆಲ್ಟರ್ನೇಟರ್ 15 ಮಾತ್ರ ಕೊಟ್ಟರೆ ಕೊರತೆಯಾದ 5 ಆಂಪೇರನ್ನು ಬ್ಯಾಟರಿ ತನ್ನ ದಾಸ್ತಾನಿನಿಂದ ಕೊಡಬೇಕು. ಒಂದು ಸಂಧಿಗೆ ಬಂದ ಪ್ರವಾಹದ ಮೊತ್ತ ಅಲ್ಲಿಂದ ಹೊರಟ ಪ್ರವಾಹದ ಮೊತ್ತಕ್ಕೆ ಸಮ ಎಂಬ ಈ ನಿಯಮವನ್ನು ಜರ್ಮನಿಯ ಕಿರ್ಖಾಫ್ 1845ರಲ್ಲಿ ಹೇಳಿದನು.

ಈಗ ಮುಖ್ಯವಾದ ಪ್ರಶ್ನೆ ಬರುತ್ತದೆ. ಒಂದೇ ಒಂದು ಅಮ್ಮೀಟರ್ ಇದೆ. ಅದನ್ನು ಎಲ್ಲಿ ಇಡಬೇಕು?

ಆಲ್ಟರ್ನೇಟರಿನಿಂದ ಹೊರಡುವ ತಂತಿಯಲ್ಲಿ ಇಟ್ಟರೆ ಅದು 28 ಎಂದು ತೋರಿಸುತ್ತದೆ. ಇದು ಒಟ್ಟು ಉತ್ಪಾದನೆ. ದೀಪ, ಇಗ್ನಿಷನ್ ಮುಂತಾದವುಗಳಿಗೆ ಹೋಗುವ ತಂತಿಯಲ್ಲಿ ಇಟ್ಟರೆ 20 ಎಂದು ತೋರಿಸುತ್ತದೆ. ಇದು ಒಟ್ಟು ಖರ್ಚು. ಈ ಎರಡೂ ಸೇರುವ ಸಂಧಿಗೂ ಬ್ಯಾಟರಿಗೂ ನಡುವಿನ ತಂತಿಯಲ್ಲಿ ಇಟ್ಟರೆ ಧನ 8 ಎಂದು ತೋರಿಸುತ್ತದೆ. ಇದು ಉಳಿತಾಯ. ಮೂರೂ ಸರಿಯಾದ ಅಳತೆಗಳೇ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಚಾಲಕನಿಗೆ ಬೇಕಾದ ಪ್ರಶ್ನೆ 'ಬ್ಯಾಟರಿ ತುಂಬುತ್ತಿದೆಯೇ, ಬರಿದಾಗುತ್ತಿದೆಯೇ' ಎಂಬುದು. ಆದ್ದರಿಂದ ಚಾರ್ಜ್ ಮಾಪಕದ ಸರಿಯಾದ ಜಾಗ ಮೂರನೆಯದು. ಮಾಪಕದ ಒಂದು ಕಡೆ ಬ್ಯಾಟರಿ ಮಾತ್ರ ಇರಬೇಕು. ಇನ್ನೊಂದು ಕಡೆ ಆಲ್ಟರ್ನೇಟರ್ ಮತ್ತು ಎಲ್ಲ ಉಪಕರಣಗಳು ಇರಬೇಕು.

ಈ ಗೆರೆಯನ್ನು ಮೀರಿದರೆ ಮಾಪಕ ಸುಳ್ಳು ಹೇಳತೊಡಗುತ್ತದೆ. ಹೊಸದಾಗಿ ಫಾಗ್ ಲ್ಯಾಂಪ್ ಹಾಕಿಸಿ, ಅದರ ತಂತಿಯನ್ನು ನೇರವಾಗಿ ಬ್ಯಾಟರಿಯ ಧನ ತುದಿಗೆ ಸಿಕ್ಕಿಸಿದರು ಎನ್ನೋಣ. ಇಂಜಿನ್ ಓಡುವಾಗ ಆ ದೀಪಕ್ಕೆ ಬೇಕಾದ ಪ್ರವಾಹ ಆಲ್ಟರ್ನೇಟರಿನಿಂದ ಮಾಪಕದ ಮೂಲಕ ಹರಿದು, ಬ್ಯಾಟರಿಯ ತುದಿಯನ್ನು ಮುಟ್ಟಿ, ಅಲ್ಲಿಂದ ದೀಪಕ್ಕೆ ಹೋಗುತ್ತದೆ. ಮುಳ್ಳು ಧನದ ಕಡೆ ಚೆನ್ನಾಗಿ ವಾಲಿರುತ್ತದೆ. ಬ್ಯಾಟರಿಗೆ ಮಾತ್ರ ಏನೂ ಸೇರುತ್ತಿರುವುದಿಲ್ಲ. ಇಂಜಿನ್ ನಿಲ್ಲಿಸಿ ದೀಪ ಆರಿಸಲು ಮರೆತರೆ ಬ್ಯಾಟರಿ ಬರಿದಾಗುತ್ತಿದ್ದರೂ ಮುಳ್ಳು ಸೊನ್ನೆಯಲ್ಲೇ ನಿಂತಿರುತ್ತದೆ. ಮಾಪಕದಲ್ಲಿ ದೋಷವಿಲ್ಲ, ತಂತಿ ತಪ್ಪು ಕಡೆ ಸೇರಿದೆ.

ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್ ಮಾತ್ರ ಈ ನಿಯಮಕ್ಕೆ ಅಪವಾದ. ಅದು ಯಾವಾಗಲೂ ಬ್ಯಾಟರಿಯಿಂದ ನೇರವಾಗಿ ಹೋಗಬೇಕು. ಸ್ಟಾರ್ಟರ್ ಇಂಜಿನನ್ನು ತಿರುಗಿಸುವಾಗ 100ರಿಂದ 200 ಆಂಪೇರ್, ಕೆಲವೊಮ್ಮೆ ಇನ್ನೂ ಹೆಚ್ಚು ಸೆಳೆಯುತ್ತದೆ. 30 ಆಂಪೇರಿನ ಮಾಪಕದ ಮೂಲಕ ಅದನ್ನು ಹಾಯಿಸಿದರೆ ಮಾಪಕ ಅಲ್ಲಿಗೇ ಮುಗಿಯಿತು. ಹಾಗಾದರೆ ಸ್ಟಾರ್ಟರ್ ತಿಂದದ್ದು ಮಾಪಕದಲ್ಲಿ ಕಾಣುವುದೇ ಇಲ್ಲವಲ್ಲ ಎಂದು ನೀವು ಕೇಳಬಹುದು. 150 ಆಂಪೇರಿನಂತೆ 4 ಸೆಕೆಂಡು ಸೆಳೆದರೆ ಒಟ್ಟು 600 ಆಂಪೇರ್-ಸೆಕೆಂಡು. ಅದನ್ನು 10 ಆಂಪೇರಿನಂತೆ ಹಿಂದಿರುಗಿಸಲು 60 ಸೆಕೆಂಡು, ಬ್ಯಾಟರಿಯೊಳಗಿನ ನಷ್ಟವನ್ನೂ ಸೇರಿಸಿದರೆ ಇನ್ನು ಸ್ವಲ್ಪ ಹೊತ್ತು ಸಾಕು. ಪ್ರವಾಹ ದೊಡ್ಡದಾದರೂ ಕಾಲ ಚಿಕ್ಕದು. ಆರಿಸಲು ಮರೆತ ಹೆಡ್‌ಲೈಟ್ ಇದಕ್ಕಿಂತ ಅಪಾಯಕಾರಿ. 10 ಆಂಪೇರಿನಂತೆ ಸೆಳೆದರೆ 40 ಆಂಪೇರ್-ಗಂಟೆಯ ಬ್ಯಾಟರಿ ಸುಮಾರು ನಾಲ್ಕೇ ಗಂಟೆಯಲ್ಲಿ ಬರಿದಾಗುತ್ತದೆ. ಆಮೇಲೆ ನಾಲ್ಕು ಜನರನ್ನು ಕರೆದು ಕಾರು ತಳ್ಳಿಸುವುದೇ ಗತಿ.

ಮಾಪಕದ ಒಳಗೆ

ತಂತಿಯಲ್ಲಿ ಪ್ರವಾಹ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂಬುದನ್ನು ಡೆನ್ಮಾರ್ಕಿನ ಓರ್‌ಸ್ಟೆಡ್ 1820ರಲ್ಲಿ ಕಂಡನು. ಕಾರಿನ ಸಾಧಾರಣ ಅಮ್ಮೀಟರಿನಲ್ಲಿ ನಡೆಯುವುದೂ ಇದೇ. ಒಂದು ದಪ್ಪ ಲೋಹದ ಪಟ್ಟಿಯ ಮೂಲಕ ಪ್ರವಾಹ ಹಾಯುತ್ತದೆ. ಅದರ ಕಾಂತಕ್ಷೇತ್ರ ಮುಳ್ಳನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ. ಇಂತಹ ಮಾಪಕದ ರೋಧ ಅತ್ಯಲ್ಪ. ಹರಿವಿಗೆ ಅದು ಅಡ್ಡಿಯಾಗಬಾರದು. ಅಮ್ಮೀಟರಿನ ಗುಣವೂ ಇದೇ, ಅಪಾಯವೂ ಇದೇ.

ಅಂತಹ ಮಾಪಕವನ್ನು ಬ್ಯಾಟರಿಯ ಎರಡು ತುದಿಗಳ ನಡುವೆ, ಅಂದರೆ ಸಮಾಂತರವಾಗಿ ಜೋಡಿಸಿದರೆ ಏನಾಗುತ್ತದೆ? ಮಾಪಕ, ತಂತಿ ಮತ್ತು ಬ್ಯಾಟರಿಯ ಒಳರೋಧ ಎಲ್ಲ ಸೇರಿ 0.02 ಓಮ್ ಎಂದು ಇಟ್ಟುಕೊಳ್ಳಿ. ಓಮನ ನಿಯಮದಂತೆ 12 ವೋಲ್ಟನ್ನು 0.02ರಿಂದ ಭಾಗಿಸಿದರೆ 600 ಆಂಪೇರ್. 12 ವೋಲ್ಟ್ ಗುಣಿಸು 600 ಆಂಪೇರ್ ಎಂದರೆ 7200 ವ್ಯಾಟ್. ಒಂದೊಂದು ಕಿಲೋವ್ಯಾಟಿನ ಏಳು ಇಸ್ತ್ರಿ ಪೆಟ್ಟಿಗೆಗಳ ಕಾವು ಒಂದು ತುಂಡು ತಂತಿಯಲ್ಲಿ ಮತ್ತು ಬ್ಯಾಟರಿಯ ಒಡಲಲ್ಲಿ ಹುಟ್ಟುತ್ತದೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಿಂದ ಕಾರಿನ ತಂತಿಗಳೊಡನೆ ಆಟವಾಡುವವರು ಈ ಲೆಕ್ಕವನ್ನು ನೆನಪಿಡಬೇಕು. ಕಾರಿನಲ್ಲಿ ಅಪಾಯ ಶಾಕಿನದಲ್ಲ, ಬೆಂಕಿಯದು.

ವೋಲ್ಟ್‌ಮೀಟರಿನ ಸ್ವಭಾವ ಇದಕ್ಕೆ ವಿರುದ್ಧ. ಅದರ ರೋಧ ಬಹಳ ಹೆಚ್ಚು. ಅದು ಕೆಲವೇ ಮಿಲಿಆಂಪೇರುಗಳನ್ನು ಸೆಳೆದು ಮಟ್ಟವನ್ನು ಮಾತ್ರ ನೋಡುತ್ತದೆ. ಅದನ್ನು ತಪ್ಪಾಗಿ ಸರಣಿಯಲ್ಲಿ ಜೋಡಿಸಿದರೆ ಕಾರು ಚಲಿಸದೆ ನಿಲ್ಲಬಹುದು, ಬೆಂಕಿ ಹತ್ತುವುದಿಲ್ಲ.

ತಂತಿಯ ದಪ್ಪ ಮತ್ತು ಬಿಗಿ

ಅಮ್ಮೀಟರ್ ಫಲಕದ ಮೇಲೆ ಇರುವುದರಿಂದ ಇಂಜಿನ್ ಕೋಣೆಯ ದೊಡ್ಡ ಪ್ರವಾಹ ಚಾಲಕನ ಮುಂದಿನವರೆಗೂ ಬಂದು ಹಿಂದಿರುಗಬೇಕು. ಹೋಗಿಬರುವ ತಂತಿಯ ಉದ್ದ 4 ಮೀಟರ್ ಎನ್ನೋಣ. ತಾಮ್ರದ ರೋಧಶೀಲತೆ ಸುಮಾರು 1.7×10⁻⁸ ಓಮ್-ಮೀಟರ್. ತಂತಿಯ ಅಡ್ಡಕೊಯ್ತ 6 ಚದರ ಮಿಲಿಮೀಟರ್ ಇದ್ದರೆ ರೋಧ ಸುಮಾರು 0.011 ಓಮ್. 30 ಆಂಪೇರ್ ಹರಿದಾಗ ತಂತಿಯಲ್ಲೇ ನಷ್ಟವಾಗುವುದು 0.34 ವೋಲ್ಟ್, ಹುಟ್ಟುವ ಕಾವು ಸುಮಾರು 10 ವ್ಯಾಟ್. ಇದು 4 ಮೀಟರಿನಲ್ಲಿ ಹಂಚಿಹೋಗುವುದರಿಂದ ತೊಂದರೆಯಿಲ್ಲ. ಅಗ್ಗವಾಗಿ ಸಿಕ್ಕಿತೆಂದು 1 ಚದರ ಮಿಲಿಮೀಟರಿನ ತಂತಿ ಎಳೆದರೆ ರೋಧ 0.068 ಓಮ್ ಆಗುತ್ತದೆ. ನಷ್ಟ 2 ವೋಲ್ಟ್, ಕಾವು 60 ವ್ಯಾಟಿಗೂ ಹೆಚ್ಚು. 14 ವೋಲ್ಟ್ ಹೊರಟರೆ ಬ್ಯಾಟರಿಗೆ ತಲುಪುವುದು 12 ಮಾತ್ರ. ಅಂತಹ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಜೊತೆಗೆ ತಂತಿಯ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತದೆ. ಚಾರ್ಜ್ ನೋಡಲು ಹಾಕಿದ ಮಾಪಕವೇ ಚಾರ್ಜ್ ಆಗುವುದನ್ನು ತಡೆದಂತಾಯಿತು.

ದಪ್ಪ ತಂತಿ ಹಾಕಿಯೂ ಜೋಡಣೆ ಸಡಿಲವಾಗಿದ್ದರೆ ಪ್ರಯೋಜನವಿಲ್ಲ. ಸಡಿಲ ನಟ್ಟಿನ ಕೆಳಗೆ 0.05 ಓಮ್ ರೋಧ ಉಳಿದರೆ 30 ಆಂಪೇರಿನಲ್ಲಿ 45 ವ್ಯಾಟ್ ಕಾವು ಆ ಒಂದೇ ಚುಕ್ಕೆಯಲ್ಲಿ ಹುಟ್ಟುತ್ತದೆ. ರೇಡಿಯೋ ರಿಪೇರಿಗೆ ಬಳಸುವ ಬೆಸುಗೆ ಕಡ್ಡಿ ಕೇವಲ 25 ವ್ಯಾಟಿನದು ಎಂಬುದನ್ನು ನೆನೆದರೆ ಇದರ ತೀವ್ರತೆ ತಿಳಿಯುತ್ತದೆ. ಕ್ರೈಸ್ಲರ್ ಕಂಪನಿಯ 1960 ಮತ್ತು 70ರ ದಶಕಗಳ ಕಾರುಗಳಲ್ಲಿ ಚಾರ್ಜ್ ಪ್ರವಾಹ ಫಲಕದ ಅಮ್ಮೀಟರಿನ ಮೂಲಕವೇ ಹಾಯುತ್ತಿತ್ತು. ವರ್ಷಗಳು ಉರುಳಿದ ಮೇಲೆ, ತಂತಿಗಳು ಇಂಜಿನ್ ಕೋಣೆಯ ಗೋಡೆಯನ್ನು ದಾಟುವಲ್ಲಿರುವ ಕನೆಕ್ಟರುಗಳು ಕಾದು ಕರಗುವುದು ಅಂತಹ ಹಳೆಯ ಕಾರು ಸಾಕುವವರಿಗೆ ಚೆನ್ನಾಗಿ ಪರಿಚಿತವಾದ ತೊಂದರೆ.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ ಹಳೆಯ ವಾಹನಗಳಲ್ಲಿ ಇನ್ನೊಂದು ಎಚ್ಚರ ಬೇಕು. ಡೈನಮೋ ಕಾಲದ 30 ಆಂಪೇರಿನ ಮಾಪಕ ಮತ್ತು ತಂತಿ 45 ಅಥವಾ 60 ಆಂಪೇರಿನ ಆಲ್ಟರ್ನೇಟರಿಗೆ ಸಾಲದು. ಆಲ್ಟರ್ನೇಟರ್ ಕೊಡಬಲ್ಲ ಗರಿಷ್ಠ ಪ್ರವಾಹಕ್ಕಿಂತ ಮಾಪಕದ ವ್ಯಾಪ್ತಿ ಕಡಿಮೆ ಇರಬಾರದು.

ಷಂಟ್ ಎಂಬ ಉಪಾಯ

ದೊಡ್ಡ ಪ್ರವಾಹವನ್ನು ಚಾಲಕನ ಮುಂದಿನವರೆಗೆ ತರದೆಯೇ ಅಳೆಯಲು ಸಾಧ್ಯವೇ? ಸಾಧ್ಯ. ದಪ್ಪ ತಂತಿಯ ದಾರಿಯಲ್ಲಿ ಇಂಜಿನ್ ಕೋಣೆಯಲ್ಲೇ ಒಂದು ಚಿಕ್ಕ ಲೋಹದ ಪಟ್ಟಿಯನ್ನು ಕೂರಿಸುತ್ತಾರೆ. ಇದೇ ಷಂಟ್. '60 ಆಂಪೇರ್, 75 ಮಿಲಿವೋಲ್ಟ್' ಎಂದು ಅದರ ಮೇಲೆ ಬರೆದಿದ್ದರೆ 60 ಆಂಪೇರ್ ಹರಿದಾಗ ಅದರ ಎರಡು ತುದಿಗಳ ನಡುವೆ 75 ಮಿಲಿವೋಲ್ಟ್ ವಿಭವಾಂತರ ಉಂಟಾಗುತ್ತದೆ ಎಂದರ್ಥ. ಅದರ ರೋಧ 0.00125 ಓಮ್. ಕಾವು 4.5 ವ್ಯಾಟ್ ಮಾತ್ರ. ಷಂಟಿನ ತುದಿಗಳಿಂದ ಎರಡು ತೆಳು ತಂತಿಗಳು ಫಲಕದ ಮಾಪಕಕ್ಕೆ ಬರುತ್ತವೆ. ಆ ಮಾಪಕ ನಿಜವಾಗಿ ಮಿಲಿವೋಲ್ಟ್ ಅಳೆಯುತ್ತದೆ. ಅದರ ಮುಖದ ಮೇಲೆ ಮಾತ್ರ ಆಂಪೇರುಗಳನ್ನು ಬರೆದಿರುತ್ತಾರೆ. ಷಂಟ್ ಸರಣಿಯಲ್ಲಿದೆ, ಮಾಪಕ ಷಂಟಿಗೆ ಸಮಾಂತರವಾಗಿದೆ. ನಿಮ್ಮ ಪಾಠದ ಎರಡು ಜೋಡಣೆಗಳೂ ಇಲ್ಲಿ ಒಟ್ಟಿಗೆ ದುಡಿಯುತ್ತಿವೆ. ಆ ತೆಳು ತಂತಿಗಳೂ ಬ್ಯಾಟರಿಗೆ ಸೇರಿದವೇ ಆದ್ದರಿಂದ ಷಂಟಿನ ಹತ್ತಿರವೇ ಎರಡಕ್ಕೂ 1 ಆಂಪೇರಿನ ಒಂದೊಂದು ಫ್ಯೂಸ್ ಹಾಕಬೇಕು.

ಜೋಡಿಸುವ ಕ್ರಮ

ಈ ಕೆಲಸವನ್ನು ಅನುಭವಿ ಆಟೋ ಎಲೆಕ್ಟ್ರಿಷಿಯನ್ ಜೊತೆಯಲ್ಲಿದ್ದಾಗ ಮಾತ್ರ ಮಾಡಬೇಕು. ಮೊದಲು ಆ ವಾಹನದ ತಂತಿ ನಕ್ಷೆಯನ್ನು ನೋಡಬೇಕು. ಇಂಜಿನ್ ಮತ್ತು ಎಲ್ಲ ಸ್ವಿಚ್ಚುಗಳನ್ನು ಆರಿಸಬೇಕು. ಕೈಯ ಉಂಗುರ, ಲೋಹದ ಗಡಿಯಾರ ತೆಗೆದಿಡಬೇಕು.

ಆಮೇಲೆ ಬ್ಯಾಟರಿಯ ಅರ್ತ್ ತುದಿಯನ್ನು, ಅಂದರೆ ಬಾಡಿಗೆ ಸೇರಿರುವ ತುದಿಯನ್ನು ಮೊದಲು ಬಿಚ್ಚಬೇಕು. ಈಗಿನ ಕಾರುಗಳಲ್ಲಿ ಅದು ಋಣ ತುದಿ. 1960ರ ದಶಕದ ನಡುಭಾಗದವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಧನ ತುದಿಯೇ ಬಾಡಿಗೆ ಸೇರಿರುತ್ತಿತ್ತು. ಆದ್ದರಿಂದ ನೋಡಿಯೇ ನಿರ್ಧರಿಸಬೇಕು. ಅರ್ತ್ ತುದಿಯೇ ಮೊದಲು ಏಕೆ? ಇನ್ನೊಂದು ತುದಿಯನ್ನು ಬಿಚ್ಚುವಾಗ ಸ್ಪ್ಯಾನರ್ ಅಕಸ್ಮಾತ್ ಬಾಡಿಗೆ ತಾಗಿದರೆ ಆಗಲೇ ಲೆಕ್ಕ ಹಾಕಿದ ನೂರಾರು ಆಂಪೇರ್ ಸ್ಪ್ಯಾನರಿನ ಮೂಲಕ ಹರಿದು ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳನ್ನು ಹೊರಬಿಡುತ್ತದೆ. ಕಿಡಿ ತಾಗಿದರೆ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚಬಹುದು. ಅರ್ತ್ ತುದಿಯನ್ನು ಮೊದಲೇ ಬಿಚ್ಚಿದ್ದರೆ ಮಂಡಲ ಪೂರ್ಣವಾಗುವುದಿಲ್ಲ, ಕಿಡಿಯೂ ಇಲ್ಲ.

ಮುಂದೆ, ಬ್ಯಾಟರಿಯ ಕೇಬಲ್ ಬಂದು ಸೇರುವ ಸ್ಟಾರ್ಟರ್ ಸಾಲಿನಾಯ್ಡಿನ ತಿರುಪಿನಿಂದ ಹೊರಟು, ಉಪಕರಣಗಳ ಮತ್ತು ಆಲ್ಟರ್ನೇಟರಿನ ಸಂಧಿಗೆ ಹೋಗುವ ತಂತಿಯನ್ನು ಗುರುತಿಸಬೇಕು. ಅಮ್ಮೀಟರ್ ಅಥವಾ ಷಂಟ್ ಆ ಒಂದು ತಂತಿಯ ನಡುವೆ ಸೇರಬೇಕು. ತಯಾರಕರು ಇಟ್ಟಿರುವ ಫ್ಯೂಸ್ ಅಥವಾ ಫ್ಯೂಸಿಬಲ್ ಲಿಂಕನ್ನು ತೆಗೆಯಬಾರದು. ತಂತಿ ಇಂಜಿನ್ ಕೋಣೆಯ ತಗಡನ್ನು ದಾಟುವ ರಂಧ್ರಕ್ಕೆ ರಬ್ಬರಿನ ಬಳೆ ಹಾಕಬೇಕು. ಇಲ್ಲದಿದ್ದರೆ ಕಾರಿನ ಅದಿರಾಟಕ್ಕೆ ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊಯ್ಯುತ್ತದೆ. ತಂತಿಯ ತುದಿಗಳನ್ನು ತಿರುಚಿ ಸುತ್ತದೆ ಲಗ್ ಹಾಕಿ ಒತ್ತಿ ಬಿಗಿಮಾಡಬೇಕು. ಅಮ್ಮೀಟರಿನ ಹಿಂಭಾಗದ ತಿರುಪುಗಳಲ್ಲಿ ಕೀ ತೆಗೆದಾಗಲೂ ವಿದ್ಯುತ್ತು ಇರುತ್ತದೆ. ಅವುಗಳಿಗೆ ರಬ್ಬರ್ ಟೊಪ್ಪಿಗೆ ಕಡ್ಡಾಯ. ಎಲ್ಲ ಮುಗಿದ ಮೇಲೆ ಅರ್ತ್ ತುದಿಯನ್ನು ಕೊನೆಗೆ ಜೋಡಿಸಬೇಕು.

ಈಗ ಪರೀಕ್ಷೆ. ಇಂಜಿನ್ ನಿಂತಿರುವಾಗ ಹೆಡ್‌ಲೈಟ್ ಹಚ್ಚಿ. ಮುಳ್ಳು ಋಣದ ಕಡೆ ಸುಮಾರು 10 ತೋರಿಸಬೇಕು. ಧನದ ಕಡೆ ಹೋದರೆ ಮತ್ತೆ ಅರ್ತ್ ಬಿಚ್ಚಿ ಮಾಪಕದ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ದೀಪ ಆರಿಸಿ ಇಂಜಿನ್ ಸ್ಟಾರ್ಟ್ ಮಾಡಿದರೆ ಮುಳ್ಳು ಧನದ ಕಡೆ ಜಿಗಿದು, ಕೆಲವು ನಿಮಿಷಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಸೊನ್ನೆಯ ಬಳಿ ನಿಂತರೆ ಚಾರ್ಜ್ ಆಗುತ್ತಿಲ್ಲವೆಂದು ಹೆದರಬೇಕಾಗಿಲ್ಲ. ಜಲಾಶಯ ತುಂಬಿದೆ ಎಂದರ್ಥ. ಗಂಟೆಗಟ್ಟಲೆ ಓಡಿದರೂ ಮುಳ್ಳು ಧನದ ಕಡೆ ಎತ್ತರದಲ್ಲೇ ಇದ್ದರೆ ಬ್ಯಾಟರಿ ಅಥವಾ ರೆಗ್ಯುಲೇಟರ್ ಕೆಟ್ಟಿದೆ ಎಂದು ಶಂಕಿಸಬೇಕು. ಇಂಜಿನ್ ವೇಗವಾಗಿ ತಿರುಗುವಾಗಲೂ ಋಣದಲ್ಲಿದ್ದರೆ ಬೆಲ್ಟ್, ಬ್ರಷ್ ಮತ್ತು ಜೋಡಣೆಗಳನ್ನು ನೋಡಬೇಕು.

ಆಲ್ಟರ್ನೇಟರ್ ಇರುವ ಕಾರಿನಲ್ಲಿ ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಯನ್ನು ಎಂದೂ ಬಿಚ್ಚಬಾರದು. 'ಬಿಚ್ಚಿ ನೋಡಿದರೆ ಚಾರ್ಜ್ ಆಗುವುದು ಗೊತ್ತಾಗುತ್ತದೆ' ಎಂಬ ಹಳೆಯ ಗ್ಯಾರೇಜು ಪದ್ಧತಿ ಇಲ್ಲಿ ಸಲ್ಲದು. ಬ್ಯಾಟರಿಯ ಆಸರೆ ತಪ್ಪಿದೊಡನೆ ವೋಲ್ಟೇಜು ಒಮ್ಮೆಲೇ ಏರಿ ಡಯೋಡುಗಳನ್ನೂ ಇತರ ಎಲೆಕ್ಟ್ರಾನಿಕ್ ಭಾಗಗಳನ್ನೂ ಸುಡಬಹುದು.

ವೋಲ್ಟ್‌ಮೀಟರ್ ಮತ್ತು ಕೆಂಪು ದೀಪ

ಇಷ್ಟೆಲ್ಲ ತಾಪತ್ರಯ ಬೇಡವೆಂದರೆ ವೋಲ್ಟ್‌ಮೀಟರ್ ಒಳ್ಳೆಯ ಆಯ್ಕೆ. ಇಗ್ನಿಷನ್ ಕೀಲಿಯಿಂದ ಬರುವ ಒಂದು ತಂತಿ, 1 ಆಂಪೇರಿನ ಫ್ಯೂಸ್, ಬಾಡಿಗೆ ಇನ್ನೊಂದು ತಂತಿ, ಜೋಡಣೆ ಮುಗಿಯಿತು. ಕೀಲಿಯ ನಂತರ ಜೋಡಿಸುವುದರಿಂದ ಕಾರು ನಿಂತಾಗ ಅದು ಬ್ಯಾಟರಿಯನ್ನು ಸೆಳೆಯುವುದಿಲ್ಲ. ಕಾರು ಕೆಲವು ಗಂಟೆ ನಿಂತ ಮೇಲೆ, ಇಂಜಿನ್ ಎಬ್ಬಿಸುವ ಮೊದಲು 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2ರ ಆಸುಪಾಸಿನಲ್ಲಿದ್ದರೆ ಅರ್ಧವಾಗಿದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗುತ್ತಾ ಬಂದಿದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. 13ಕ್ಕಿಂತ ಕೆಳಗೇ ಉಳಿದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಬ್ಯಾಟರಿಯ ನೀರು ಆವಿಯಾಗಿ ಬಲ್ಬುಗಳು ಸುಟ್ಟುಹೋಗುತ್ತವೆ. ಇಲ್ಲಿ ಅಣೆಕಟ್ಟಿನ ಹೋಲಿಕೆಗೆ ಒಂದು ಮಿತಿ ಇದೆ. ಇಂಜಿನ್ ಓಡುವಾಗ ಕಾಣುವ 14 ವೋಲ್ಟ್ ಬ್ಯಾಟರಿಯ ಮಟ್ಟವಲ್ಲ, ಆಲ್ಟರ್ನೇಟರ್ ಒತ್ತುತ್ತಿರುವ ಮಟ್ಟ. ಬ್ಯಾಟರಿಯ ಸ್ವಂತ ಮಟ್ಟ ತಿಳಿಯಬೇಕಾದರೆ ಅದು ವಿಶ್ರಮಿಸಿರಬೇಕು.

ಇನ್ನು ಕೆಂಪು ದೀಪ. ಅದರ ಒಂದು ತುದಿ ಇಗ್ನಿಷನ್ ಕೀಲಿಗೆ, ಇನ್ನೊಂದು ತುದಿ ಆಲ್ಟರ್ನೇಟರಿಗೆ ಸೇರಿರುತ್ತದೆ. ಆಲ್ಟರ್ನೇಟರ್ ವೋಲ್ಟೇಜು ಕೊಡತೊಡಗಿದಾಗ ಎರಡೂ ತುದಿಗಳ ವಿಭವ ಸಮವಾಗಿ ದೀಪ ಆರುತ್ತದೆ. ಹಲವು ಆಲ್ಟರ್ನೇಟರುಗಳಲ್ಲಿ ಮೊದಲ ಕಾಂತತ್ವಕ್ಕೆ ಬೇಕಾದ ಚಿಕ್ಕ ಪ್ರವಾಹ ಈ ದೀಪದ ಮೂಲಕವೇ ಹೋಗುತ್ತದೆ. ಬಲ್ಬ್ ಸುಟ್ಟುಹೋದರೆ ಆಲ್ಟರ್ನೇಟರ್ ಕೆಲಸವನ್ನೇ ಆರಂಭಿಸದಿರಬಹುದು. ಮಾಪಕ ಹಾಕಿಸಿದ್ದೇವೆಂದು ಈ ದೀಪವನ್ನು ಕಿತ್ತೊಗೆಯಬಾರದು.

ಈಗಿನ ಹೊಸ ಕಾರುಗಳಲ್ಲಿ ಬ್ಯಾಟರಿಯ ತುದಿಯಲ್ಲೇ ಒಂದು ಸಂವೇದಕ ಕುಳಿತು ಒಳಹರಿವು ಹೊರಹರಿವುಗಳ ಲೆಕ್ಕವನ್ನು ಕಂಪ್ಯೂಟರಿಗೆ ಕೊಡುತ್ತದೆ. ಇಂಧನ ಉಳಿಸಲು ಕಂಪ್ಯೂಟರ್ ತಾನಾಗಿಯೇ ವೋಲ್ಟೇಜನ್ನು ಏರಿಸಿ ಇಳಿಸಬಲ್ಲದು. ಅಂತಹ ಕಾರಿನ ತಂತಿಯನ್ನು ಕತ್ತರಿಸಿ ಅಮ್ಮೀಟರ್ ಸೇರಿಸಬಾರದು. ವಿದ್ಯುತ್ ಚಾಲಿತ ಕಾರುಗಳಲ್ಲಂತೂ ಮುಖ್ಯ ಬ್ಯಾಟರಿ ನೂರಾರು ವೋಲ್ಟಿನದು. ಕಿತ್ತಳೆ ಬಣ್ಣದ ಆ ಕೇಬಲುಗಳು ಪ್ರಾಣಕ್ಕೇ ಅಪಾಯ. ಅವುಗಳನ್ನು ತರಬೇತಿ ಪಡೆದವರಲ್ಲದೆ ಬೇರೆ ಯಾರೂ ಮುಟ್ಟಬಾರದು.

ವಿದ್ಯಾರ್ಥಿಗಳೇ, ಕಾರು ಇಲ್ಲದೆಯೂ ಇಂದಿನ ಪಾಠವನ್ನು ನೀವು ಮಾಡಿ ನೋಡಬಹುದು. ಎರಡು ಟಾರ್ಚ್ ಸೆಲ್ಲುಗಳನ್ನು ಸರಣಿಯಲ್ಲಿಟ್ಟು, ಎರಡು ಚಿಕ್ಕ ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿ. ಪ್ರಯೋಗಾಲಯದ ಅಮ್ಮೀಟರನ್ನು ಮೊದಲು ಮುಖ್ಯ ತಂತಿಯಲ್ಲಿ, ಆಮೇಲೆ ಒಂದೊಂದು ಬಲ್ಬಿನ ಕವಲಿನಲ್ಲಿ ಇಟ್ಟು ಮೂರು ಅಳತೆಗಳನ್ನು ಬರೆದುಕೊಳ್ಳಿ. ಕವಲುಗಳ ಮೊತ್ತ ಮುಖ್ಯ ತಂತಿಯ ಅಳತೆಗೆ ಸಮವಾಗುತ್ತದೆಯೇ ನೋಡಿ. ಪ್ರತಿ ಸಲ ಮಾಪಕವನ್ನು ಸೇರಿಸುವ ಮೊದಲು 'ಇಲ್ಲಿ ಇಟ್ಟರೆ ಇದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ' ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಪ್ರಯೋಗಾಲಯದಲ್ಲಿ ಬೆಳೆಸಿಕೊಂಡ ಈ ಅಭ್ಯಾಸ ಮುಂದೆ ಗ್ಯಾರೇಜಿನಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ವಿದ್ಯುತ್ ಕೇಂದ್ರದಲ್ಲಾಗಲಿ ನಿಮ್ಮ ಮಾಪಕವನ್ನೂ ನಿಮ್ಮ ಕೈಯನ್ನೂ ಕಾಪಾಡುತ್ತದೆ.